ಗಂಡನ ಹೆಸರು ಕೇಳಿದ ನಾಲ್ಕು ಪ್ರಶ್ನೆ

ಹೋದ ತಿಂಗಳು, ನಾನು ಬಿಟ್ಟು ಬಂದ ಜಾಗಕ್ಕೆ ಹೊಸದಾಗಿ ಸೇರಿದ ಹುಡುಗಿ ಮನೆಗೆ ಬಂದಿದ್ದಳು. "ಮೇಡಂ, ಈ ಕೆಲಸದಾಗ ಏನೇನ್ ತಪ್ಪು ಆಗ್ತಾವ ಅಂತ ಮೊದಲ ಹೇಳಿಬಿಡ್ರಿ, ನಾ ಹುಷಾರಾಗಿರ್ತೀನಿ" ಎಂದಳು. ಒಗ್ಗಾಣಿ ಮಿರ್ಚಿ ತಿನ್ನಿಸಿ, ಚಹಾ ಕುಡಿಸಿ, ಅದೂ ಇದೂ ಮಾತಾಡಿ ಕಳಿಸಿದೆ. ಮುಖ್ಯವಾದದ್ದನ್ನು ಹೇಳಲು ಬಾಯಿ ಬರಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೆ ಮಾತು ಕಲಿಸಿದವಳಿಗೆ ಬಾಯಿ ಬರಲಿಲ್ಲವಂತೆ ಎಂದು ನಗುವವರು ನಗಲಿ. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಹುಲಿಗೆಮ್ಮ ಎಂಬ ಹೆಣ್ಣುಮಗಳ ವಿಷಯ. ತಲೆಗೆ ಏಟು ಬಿದ್ದು ಅವಳ ಮಾತು ಹೋಗಿತ್ತು, ತಲೆಯಾಡಿಸಿ ಹೌದು, ಅಲ್ಲ ಎನ್ನುವುದಷ್ಟೇ ಉಳಿದಿತ್ತು. ಆ ಹೌದು-ಅಲ್ಲವನ್ನು ನಂಬಬಹುದೋ ಬಾರದೋ ಎಂದು ಬರೆದುಕೊಡುವ ಅಧಿಕಾರ ನನ್ನ ಒಬ್ಬಳ ಕೈಯಲ್ಲಿತ್ತು. ಹೊಡೆದವನ ಮನೆಗೆ ಅವಳು ವಾಪಸ್ ಹೋಗಬೇಕೋ ಬೇಡವೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿತ್ತು. ಆದರೆ ಅವಳ ಕಥೆಗೆ ಬರುವ ಮೊದಲು, ನಾನು ಯಾಕೆ ಅಷ್ಟು ದೊಡ್ಡ ದಡ್ಡಿಯಾದೆ ಎಂದು ತಿಳಿಯಬೇಕಾದರೆ, ಹಿಂದಿನ ಒಂದೆರಡು ಸಂಗತಿ ಹೇಳಬೇಕು.

ನಾನು ವಾಕ್ ಚಿಕಿತ್ಸಕಿ. ರಾಯಚೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು, ಲಕ್ವಾ ಹೊಡೆದವರಿಗೆ, ಬೈಕಿನಿಂದ ಬಿದ್ದು ತಲೆ ಒಡೆದುಕೊಂಡವರಿಗೆ ಹೋದ ಮಾತನ್ನು ಹುಡುಕಿ ಕೊಡುವುದು ನನ್ನ ಕೆಲಸವಾಗಿತ್ತು. ತಿಂಗಳಲ್ಲಿ ಎರಡು ದಿನ ಮಾನ್ವಿ, ಎರಡು ದಿನ ದೇವದುರ್ಗದಲ್ಲಿ ಶಿಬಿರ. ನನ್ನಪ್ಪ ಯಾಪಲದಿನ್ನಿಯಲ್ಲಿ ಕಂಡವರ ಹೊಲದಲ್ಲಿ ದುಡಿದವನು. ನಾನು ಹಾಸ್ಟೆಲಿನಲ್ಲಿ ಬೆಳೆದು, ಮೈಸೂರಿನಲ್ಲಿ ಓದಿ, ನೌಕರಿ ಹಿಡಿದು ಬಂದವಳು. ಪ್ರಮೋಷನ್ನು, ಸನ್ಮಾನ, ಹಾರ ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಕೋಣೆಯ ಗೋಡೆಗೆ ಮಿದುಳಿನ ನಕ್ಷೆಯೊಂದನ್ನು ಅಂಟಿಸಿದ್ದೆ. ಮಿದುಳಿನ ಮೇಲ್ಪದರಕ್ಕೆ ತೊಗಟೆ ಎನ್ನುತ್ತೇವೆ. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಜಾಗ. ಎಡಹಣೆಯ ಹಿಂದೆ ಮಾತನ್ನು ಹೊರಡಿಸುವ ಜಾಗ, ಅದು ಕೆಂಪು. ಎಡಗಿವಿಯ ಮೇಲೆ ಕೇಳಿದ್ದು ಅರ್ಥವಾಗುವ ಜಾಗ, ಹಳದಿ. ನೆತ್ತಿಯಿಂದ ಕಿವಿಯ ಕಡೆ ಇಳಿಯುವ ಪಟ್ಟಿ ಕೈಕಾಲು ಆಡಿಸುವುದಕ್ಕೆ, ತಲೆಯ ಹಿಂಭಾಗ ನೋಟಕ್ಕೆ. ನಾನು ಸೇರಿದ ಹೊಸದರಲ್ಲಿ ನಮ್ಮ ದೊಡ್ಡ ಡಾಕ್ಟರು ಬಂದು ಅದನ್ನು ನೋಡಿ, "ಚಂದ ಅದ. ಆದ್ರ ನಂಬಬ್ಯಾಡವ್ವ. ಹೊಲಕ್ಕ ಬದು ಹಾಕ್ಯಾರ ಅಂತ ನೀರು ಅಲ್ಲೇ ನಿಂದರ್ತದೇನು?" ಎಂದರು. ಮುಂಗೋಪಿ ಮನುಷ್ಯ, ವಾರ್ಡಿನಲ್ಲಿ ಎಲ್ಲರ ಮುಂದೆ ಬೈಯುತ್ತಿದ್ದರು, ಆದರೆ ರೋಗಿಯ ಮಂಚದ ಮೇಲೆ ಕೂತು ಮಾತಾಡಿಸುತ್ತಿದ್ದವರೂ ಅವರೊಬ್ಬರೇ. ಆಗ ಊರಲ್ಲಿ ಸ್ಕ್ಯಾನ್ ಇರಲಿಲ್ಲ. ರೋಗಿಯ ಬಾಯಿ, ಕೈ, ನಡಿಗೆ ನೋಡಿ ಏಟು ಎಲ್ಲಿ ಬಿದ್ದಿದೆ ಎಂದು ಹೇಳಬೇಕಿತ್ತು. ಈಗ ರೋಗಿ ಬರುವುದಕ್ಕೆ ಮೊದಲೇ ಅವನ ತಲೆಯ ಚಿತ್ರ ಮೊಬೈಲಿಗೆ ಬಂದಿರುತ್ತದೆ. ಒಳ್ಳೆಯದೇ. ಆದರೆ ಚಿತ್ರ ನೋಡಿದ ಮೇಲೆ ಮುಖ ನೋಡುವುದನ್ನೇ ಬಿಟ್ಟಿದ್ದೀರಿ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾನ್ವಿಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ ಖಾಜಾಸಾಬ್ ಎಂಬುವವನಿಗೆ ಮಿದುಳಿನ ಬಲಗಡೆ ಏಟಾಗಿತ್ತು. ಮಾತು ಚೆನ್ನಾಗಿತ್ತು. ಹೆಂಡತಿ ಅಳುತ್ತಾ ಬಂದಳು. "ದಿನಾ ಅರ್ಧ ಅನ್ನ ಬಿಟ್ಟು ಏಳ್ತಾನ್ರಿ ಮೇಡಂ. ಇಪ್ಪತ್ತು ವರ್ಷ ಉಂಡ ಕೈ ಅಡಗಿ ಈಗ ಸೇರವಲ್ದಾಗ್ಯಾದ" ಎಂದಳು. ನಾನು ತಟ್ಟೆ ತರಿಸಿ ನೋಡಿದೆ. ಬಲಗಡೆಯ ಅನ್ನ ಬಳಿದು ತಿಂದಿದ್ದ, ಎಡಗಡೆಯದು ಮುಟ್ಟಿರಲಿಲ್ಲ. ಕಣ್ಣು ಕಾಣುತ್ತಿತ್ತು, ಆದರೆ ಎಡಗಡೆ ಎಂಬ ಒಂದು ಕಡೆ ಲೋಕದಲ್ಲಿ ಇದೆ ಎನ್ನುವುದೇ ಅವನ ಪಾಲಿಗೆ ಹೋಗಿಬಿಟ್ಟಿತ್ತು. ತಟ್ಟೆಯನ್ನು ತಿರುಗಿಸಿ ಇಟ್ಟೆ. "ಇದು ಯಾವಾಗ ಬಡಿಸಿದಿ?" ಎಂದು ಹೆಂಡತಿಯನ್ನು ಕೇಳಿ ಅದನ್ನೂ ತಿಂದ. ಆಕೆ ನನ್ನ ಕೈ ಹಿಡಿದುಕೊಂಡಳು. ನಾನು ಉಬ್ಬಿಹೋದೆ. ಆರು ವಾರದ ಮೇಲೆ ಮಾನ್ವಿಯಲ್ಲಿ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಲಾರಿ ಅವನ ಮೇಲೆ ಹಾಯಿತು. ತಟ್ಟೆ ತಿರುಗಿಸಲು ಹೇಳಿಕೊಟ್ಟಿದ್ದೆ, ರಸ್ತೆಯಲ್ಲಿ ಅವನ ಎಡಕ್ಕೆ ಒಬ್ಬರು ನಡೆಯಬೇಕು ಎಂದು ಹೇಳಿಕೊಟ್ಟಿರಲಿಲ್ಲ. ಆಕೆ ಮುಂದೆಯೂ ಎದುರಿಗೆ ಸಿಕ್ಕಾಗ ನಮಸ್ಕಾರ ಮಾಡುತ್ತಿದ್ದಳು. ನನಗೆ ಅದನ್ನು ನೋಡುವುದಕ್ಕಾಗುತ್ತಿರಲಿಲ್ಲ.

ಇನ್ನೊಬ್ಬರು ಸಿರವಾರದ ಲೆಕ್ಕದ ಮೇಷ್ಟ್ರು. ಅವರಿಗೆ ಏಟಾದದ್ದು ಹಳದಿ ಜಾಗಕ್ಕೆ. ಬಾಯಿ ನಿಲ್ಲುತ್ತಲೇ ಇರಲಿಲ್ಲ, ಸರಾಗ ಮಾತು, ಒಂದಕ್ಕೂ ಅರ್ಥವಿಲ್ಲ. ನಾವು ಕೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ, ತಾವು ಆಡುತ್ತಿರುವುದು ತಪ್ಪು ಎಂದೂ ತಿಳಿಯುತ್ತಿರಲಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಆಮೇಲೆ ಒಬ್ಬ ವೈದ್ಯರು ಹುಚ್ಚು ಎಂದು ನಿದ್ದೆಯ ಸೂಜಿ ಕೊಡಿಸುತ್ತಾ ವಾರಗಟ್ಟಲೆ ಮಲಗಿಸಿದರು. ನಾನು ನನ್ನ ಫಾರಂ ತೆಗೆದುಕೊಂಡು ಹೋದೆ. ಅದರಲ್ಲಿ ಇಪ್ಪತ್ತು ಪ್ರಶ್ನೆ, ಎಲ್ಲಕ್ಕೂ ಹೌದು ಅಥವಾ ಅಲ್ಲ ಎಂದು ತಲೆಯಾಡಿಸಿದರೆ ಸಾಕು. ನಾಲ್ಕು ತಪ್ಪಾದರೆ ರೋಗಿಗೆ ಮಾತು ಸರಿಯಾಗಿ ಅರ್ಥವಾಗುತ್ತಿಲ್ಲ ಎಂದು ಲೆಕ್ಕ. ಮೇಷ್ಟ್ರಿಗೆ ಹನ್ನೊಂದು ತಪ್ಪಾದವು. ಆ ವೈದ್ಯರು "ನೀ ಡಾಕ್ಟರೇನು?" ಎಂದು ನನ್ನನ್ನು ಓಡಿಸಿದರು. ನಮ್ಮ ದೊಡ್ಡ ಡಾಕ್ಟರ ಮುಂದೆ ಫಾರಂ ಇಟ್ಟೆ, ಅವರು ಹೋಗಿ ಜಗಳ ಮಾಡಿ ಮೇಷ್ಟ್ರನ್ನು ನಮ್ಮ ವಾರ್ಡಿಗೆ ಕರೆತಂದರು. ಆ ಫಾರಂ ಒಬ್ಬ ಮನುಷ್ಯನನ್ನು ಹುಚ್ಚರ ಲೆಕ್ಕದಿಂದ ಬಿಡಿಸಿತು. ಅಂದಿನಿಂದ ಅದು ನನಗೆ ದೇವರಾಯಿತು.

ಆ ಫಾರಮ್ಮಿನಲ್ಲಿ ನಾಲ್ಕು ಪ್ರಶ್ನೆ ಇದ್ದವು. ಮದುವೆಯಾದವರಿಗೆ ಸಂಗಾತಿಯ ಸರಿಯಾದ ಹೆಸರು ಹೇಳಿ, ಇದೇ ಹೆಸರೇ ಎಂದು ಕೇಳಬೇಕು. ಆಮೇಲೆ ಬೇರೆ ಹೆಸರು ಹೇಳಿ, ಇದೇ ಹೆಸರೇ ಎಂದು ಕೇಳಬೇಕು. ಸಂಗಾತಿಯ ತಂದೆಯ ಹೆಸರಿಗೂ ಹೀಗೇ ಎರಡು. ಯಾರೋ ಎಲ್ಲಿಯೋ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಪ್ರಶ್ನೆಗಳು. ನಾನು ಅವನ್ನು ವರ್ಷಾನುಗಟ್ಟಲೆ ಕೇಳಿದ್ದೆ, ಹೆಚ್ಚಾಗಿ ಗಂಡಸರಿಗೆ. ಹೆಂಗಸರನ್ನು ಮಾತು ಹೋಯಿತು ಎಂದು ಆಸ್ಪತ್ರೆಗೆ ಕರೆತರುವವರೇ ಕಡಿಮೆ.

ಹುಲಿಗೆಮ್ಮ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯವಳು, ವಯಸ್ಸು ಇಪ್ಪತ್ತೆಂಟಿರಬಹುದು. ಗಂಡ ಅಮರೇಶಪ್ಪ. ಮೆಣಸಿನಕಾಯಿ ಬಿಡಿಸಲು ಹೋಗುವಾಗ ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದಳು ಎಂದು ಗಂಡನ ಮನೆಯವರು ಬರೆಸಿದ್ದರು. ಅವಳ ಅಣ್ಣ ಬಸವರಾಜ ರಾಯಚೂರಿನಲ್ಲಿ ಆಟೋ ಓಡಿಸುತ್ತಿದ್ದ. ಅವನು ಠಾಣೆಗೆ ಹೋಗಿ, ಗಂಡ ಸಲಿಕೆಯ ಮರದ ಕಾವಿನಿಂದ ಹೊಡೆದಿದ್ದಾನೆ ಎಂದು ದೂರು ಕೊಟ್ಟ. ಕಂಡವರು ಯಾರೂ ಇರಲಿಲ್ಲ, ಅಂದರೆ ಹೇಳುವವರು ಯಾರೂ ಇರಲಿಲ್ಲ. ಎಸ್‌ಐ ನಮಗೆ ಒಂದು ಕಾಗದ ಕಳಿಸಿದರು: ಗಾಯಾಳುವಿಗೆ ಮಾತಿಲ್ಲ, ತಲೆಯಾಡಿಸಿ ಕೊಡುವ ಹೇಳಿಕೆಯನ್ನು ನಂಬಬಹುದೇ ತಿಳಿಸಿರಿ. ದೊಡ್ಡ ಡಾಕ್ಟರು ಅದನ್ನು ನನ್ನ ಕೋಣೆಗೆ ಕಳಿಸಿದರು.

ಅವಳು ಗಾಲಿಕುರ್ಚಿಯಲ್ಲಿ ಬಂದಳು. ಎಡಹಣೆಯ ಮೇಲೆ ಹೊಲಿಗೆ, ಬಲಗೈ ತೊಡೆಯ ಮೇಲೆ ಸೋತು ಬಿದ್ದಿತ್ತು. ಪೆಟ್ಟು ಕೆಂಪು ಜಾಗಕ್ಕೆ ಬಿದ್ದಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಅಂಥವರಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿ ಮಾತ್ರ ಏಳುವುದಿಲ್ಲ. ಜೊತೆಗೆ ಅತ್ತೆ ಇದ್ದಳು, ರೋಗಿಯ ಜೊತೆ ಒಬ್ಬರು ಇರಬೇಕು ಎಂಬ ನಿಯಮ. ಫಾರಂ ತುಂಬಲು ಹೆಸರುಗಳು ಬೇಕಿತ್ತು. "ನಿಮ್ಮ ಯಜಮಾನರ ಹೆಸರೇನಮ್ಮಾ?" ಎಂದು ಅತ್ತೆಯನ್ನು ಕೇಳಿದೆ. "ಚೀಟ್ಯಾಗ ಬರ್ದಾರ ನೋಡ್ರೆವ್ವ" ಎಂದಳು. ನಾನು ಚೀಟಿ ನೋಡಿ ಬರೆದುಕೊಂಡೆ. ಆ ಕ್ಷಣಕ್ಕಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಪ್ರಶ್ನೆ ಶುರು ಮಾಡಿದೆ. ಇದು ಆಸ್ಪತ್ರೆಯೇ, ಹೌದು. ಕಲ್ಲು ನೀರಿನಲ್ಲಿ ತೇಲುತ್ತದೆಯೇ, ಅಲ್ಲ. ನಿನ್ನ ಹೆಸರು ಹುಲಿಗೆಮ್ಮನೇ, ಹೌದು. ಒಂದಾದ ಮೇಲೊಂದು ಸರಿಯಾಗಿ ಬಂದವು. ಆಮೇಲೆ ಕೇಳಿದೆ: ನಿನ್ನ ಗಂಡನ ಹೆಸರು ಅಮರೇಶಪ್ಪನೇ? ಅವಳು ತಲೆ ತಗ್ಗಿಸಿದಳು. ಹೌದೂ ಇಲ್ಲ, ಅಲ್ಲವೂ ಇಲ್ಲ. ಯಂಕೋಬನೇ? ಎಡಗೈಯಿಂದ ಸೆರಗು ಎಳೆದುಕೊಂಡಳು. ಮಾವನ ಹೆಸರಿಗೂ ಹಾಗೆಯೇ ಎರಡು ಸಲ. ಉತ್ತರ ಕೊಡದಿದ್ದರೆ ತಪ್ಪು ಎಂದು ಗುರುತು ಹಾಕಬೇಕು ಎಂಬುದು ಫಾರಮ್ಮಿನ ಕೆಳಗಿದ್ದ ಸೂಚನೆ. ಹದಿನಾರು ಸರಿ, ನಾಲ್ಕು ತಪ್ಪು. ನನ್ನ ಮನಸ್ಸು ಈ ಹುಡುಗಿಗೆ ಎಲ್ಲ ಅರ್ಥವಾಗುತ್ತಿದೆ ಎನ್ನುತ್ತಿತ್ತು. ಕೈ ಮಾತ್ರ ಬರೆಯಿತು: ರೋಗಿಯ ಹೌದು-ಅಲ್ಲ ಉತ್ತರಗಳು ನಂಬಲರ್ಹವಲ್ಲ. ಸಹಿ ಹಾಕಿದೆ, ಸೀಲು ಒತ್ತಿದೆ.

ಇಲ್ಲಿ ನನ್ನ ಬಗ್ಗೆಯೇ ಒಂದು ಮಾತು ಹೇಳಬೇಕು, ಮುಚ್ಚಿಟ್ಟರೆ ಇದನ್ನು ಬರೆದು ಫಲವಿಲ್ಲ. ನನ್ನ ಅವ್ವ ಸಾಯುವವರೆಗೂ ಅಪ್ಪನ ಹೆಸರನ್ನು ಬಾಯಲ್ಲಿ ತರಲಿಲ್ಲ. ನಾನು ಮದುವೆಯಾದ ಮೊದಲ ವಾರ ನನ್ನ ಗಂಡನನ್ನು ಹೆಸರು ಹಿಡಿದು ಕರೆದೆ, ಅವ್ವ ಎರಡೂ ಕಿವಿ ಮುಚ್ಚಿಕೊಂಡಳು. "ಕರೀಲಿ ಬಿಡು, ಓದ್ಯಾಳ" ಎಂದು ಅಪ್ಪ ನಕ್ಕಿದ್ದ. ಆ ಕಟ್ಟಳೆಯನ್ನು ದಾಟಿದವಳು ಎಂಬ ಜಂಬ ನನಗೆ ಬಹಳ ಇತ್ತು. ದಾಟಿದ ಮೇಲೆ, ಇನ್ನೂ ಆಚೆ ದಡದಲ್ಲಿ ನಿಂತವರು ಇದ್ದಾರೆ ಎಂಬುದನ್ನೇ ಮರೆತಿದ್ದೆ. ಮೈಸೂರಿನಿಂದಲೋ ಮಂಗಳೂರಿನಿಂದಲೋ ಬಂದ ಒಬ್ಬಳು ಈ ತಪ್ಪು ಮಾಡಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನನಗೆ ಗೊತ್ತಿತ್ತು.

ಬಸವರಾಜ ನನ್ನ ಕೋಣೆಗೆ ಬಂದು ನಿಂತ. "ಮೇಡಂ, ನಮ್ಮ ತಂಗಿಗಿ ಬುದ್ಧಿ ಸರಿ ಅದರೀ. ನನ್ನ ಮುಂದ ಕೈ ಮಾಡಿ ಹೊಡದದ್ದು ತೋರಿಸ್ಯಾಳ" ಎಂದ. "ನಿಮಗ ಹಂಗ ಅನಸ್ತದ. ಪರೀಕ್ಷಾದಾಗ ಬಂದಿಲ್ಲ" ಎಂದೆ. ಅವನು ಹೋದ. ಎಸ್‌ಐ ನನ್ನ ಕಾಗದವನ್ನು ಕಡತಕ್ಕೆ ಸೇರಿಸಿ, ಟ್ರಾಲಿಯಿಂದ ಬಿದ್ದದ್ದು ಎಂದು ಮುಗಿಸಿದರು. ಹುಲಿಗೆಮ್ಮ ಅತ್ತೆಯ ಜೊತೆ ಬಸ್ಸು ಹತ್ತಿದಳು.

ಮರು ತಿಂಗಳು ಮಾನ್ವಿಯ ಶಿಬಿರಕ್ಕೆ ಒಬ್ಬಳು ಮುದುಕಿ ಬಂದಳು. ಸಣ್ಣ ಏಟು, ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಮಾತಿಗೇನೂ ಕಡಿಮೆ ಇರಲಿಲ್ಲ. ಅದೇ ಫಾರಂ ಓದುತ್ತಾ ಹೋದೆ. ಗಂಡನ ಹೆಸರು ಬಂತು. ಮುದುಕಿ ನನ್ನ ತೊಡೆಯ ಮೇಲೆ ಹೊಡೆದು, "ಅದೇನ್ ಕೇಳ್ತಿ ಬೇ, ನೀ ಹೆಣಮಗಳಲ್ಲೇನು? ಅವರ ಹೆಸರು ನಾ ಹ್ಯಾಂಗ ಹೂಂ ಅನ್ಲಿ?" ಎಂದಳು. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ತಿರುಗಿ, "ನೀ ಹೇಳವ್ವ ಇವರಿಗಿ" ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ನನ್ನ ಪೆನ್ನು ನಿಂತುಹೋಯಿತು. ತಲೆ ತಗ್ಗಿಸಿದ ಹುಲಿಗೆಮ್ಮ, ಸೆರಗು ಎಳೆದುಕೊಂಡ ಕೈ, ಪಕ್ಕದಲ್ಲೇ ಕೂತಿದ್ದ ಅತ್ತೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇನ್ನೂ ಆರು ಜನ ರೋಗಿಗಳು ಕಾದಿದ್ದರು, ಅವರನ್ನು ಹೇಗೆ ನೋಡಿದೆನೋ ನೆನಪಿಲ್ಲ.

ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಕೈಲೇ ನಿನ್ನ ರಿಪೋರ್ಟು ಸುಳ್ಳು ಅಂತ ಬರೀತೀಯೇನು? ನಾಳೆ ಯಾವ ಕೋರ್ಟಿಗಿ ಹೋದ್ರೂ ಇದನ್ನ ಎತ್ತಿ ತೋರಸ್ತಾರ" ಎಂದರು. ಬರೆಯುತ್ತೇನೆ ಎಂದೆ. "ಬರಿ. ಮೊದಲ ಬರೀಬೇಕಿತ್ತು, ಕತ್ತಿ" ಎಂದರು. ಕತ್ತೆ ಎಂಬ ಆ ಬೈಗುಳಕ್ಕೆ ನನಗೆ ಸಿಟ್ಟು ಬರಲಿಲ್ಲ. ಮರುಪರೀಕ್ಷೆ ಆಗಬೇಕು ಎಂದು ಎಸ್‌ಐಗೆ ಅವರೇ ಕಾಗದ ಬರೆದರು.

ಎಸ್‌ಐ ಬಂದದ್ದು ಪಂಚಮಿ ಹಬ್ಬ ಮುಗಿದ ಮೇಲೆ, ದೇವದುರ್ಗದ ಶಿಬಿರದ ದಿನ. ಹುಲಿಗೆಮ್ಮನನ್ನು ಗಂಡನೇ ಕರೆತಂದ. ಅಮರೇಶಪ್ಪ ಮೃದು ಮಾತಿನವನು, ಎಣ್ಣೆ ಹಚ್ಚಿ ಬಾಚಿದ ತಲೆ, ಕೈ ಮುಗಿದೇ ಮಾತಾಡುತ್ತಿದ್ದ. ಬಸವರಾಜನೂ ಬಂದು ಬಾಗಿಲ ಬಳಿ ನಿಂತ. ಗಂಡನನ್ನೂ ಅಣ್ಣನನ್ನೂ ಹೊರಗೆ ಕೂಡಿಸಿ ಬಾಗಿಲು ಹಾಕಿದೆ. ಆ ನಾಲ್ಕು ಪ್ರಶ್ನೆ ಹೊಡೆದುಹಾಕಿ ಬೇರೆ ನಾಲ್ಕು ಬರೆದುಕೊಂಡಿದ್ದೆ. ಇಪ್ಪತ್ತಕ್ಕೆ ಇಪ್ಪತ್ತೂ ಸರಿಯಾಗಿ ಬಂದವು. ಎಸ್‌ಐ ಎದುರಿಗೇ ಕೇಳಿದೆ.

"ನೀ ಟ್ರಾಲಿ ಮ್ಯಾಲಿಂದ ಬಿದ್ದೇನವ್ವ?"

ಅಲ್ಲ ಎಂದು ತಲೆಯಾಡಿಸಿದಳು.

"ಯಾರರ ಹೊಡದರೇನು?"

ಹೌದು.

"ಹೊರಗಿನವರಾ?"

ಅಲ್ಲ.

"ನಿನ್ನ ಗಂಡನಾ?"

ಬಾಗಿಲ ಕಡೆ ನೋಡಿದಳು. ಆಮೇಲೆ ಗಟ್ಟಿಯಾಗಿ, ಎರಡು ಸಲ, ಹೌದು ಎಂದಳು. ಎಸ್‌ಐ ಪೆನ್ನು ತೆಗೆದು ಬರೆಯತೊಡಗಿದರು. ನನ್ನ ಎದೆ ಹಗುರವಾಯಿತು. ತಪ್ಪನ್ನು ತಿದ್ದಿಬಿಟ್ಟೆ ಎಂದುಕೊಂಡೆ.

ಅಷ್ಟರಲ್ಲಿ ಅಮರೇಶಪ್ಪ ಬಾಗಿಲು ತೆರೆದು ಒಳಗೆ ಬಂದ. ಹೊರಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. "ಸಾಹೇಬ್ರ, ಅಕಿ ಮೂಗಿ ಅಲ್ರಿ. ಮಾತು ಬರ್ತಾವ. ಮೇಡಂ ಮುಂದ ಸುಮ್ಮಕ ಕುಂದರ್ತಾಳ. ಪಂಚಮ್ಯಾಗ ಜೋಕಾಲಿ ಕಟ್ಟಿದಾಗ ಹೆಣಮಕ್ಕಳೆಲ್ಲ ಕೇಳ್ಯಾರ. ತೋರಸ್ಲಾ?" ಎಂದ. ಯಾರೂ ಬೇಡ ಎನ್ನುವ ಮೊದಲೇ ಅವಳ ಮುಂದೆ ಬಗ್ಗಿ, ರಾಗವಾಗಿ ಒಂದು ಒಡಪು ಎತ್ತಿಕೊಟ್ಟ. ನಮ್ಮ ಕಡೆಯ ಮದುವೆಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಎರಡು ಸಾಲು ಕಟ್ಟಿ, ನಡುವೆ ಹೆಸರು ಸೇರಿಸುತ್ತಾರೆ. ಅವಳ ಮದುವೆಯಲ್ಲಿ ಅವಳಿಂದ ಹೇಳಿಸಿದ್ದು ಅದು.

"ಕೆಂಪು ಮೆಣಸಿನಕಾಯಿ..." ಎಂದ ಅವನು.

ಹುಲಿಗೆಮ್ಮನ ಬಾಯಿ ತೆರೆಯಿತು. "ಕೆಂಪು ಮೆಣಸಿನಕಾಯಿ ಕಣದಾಗ ರಾಶಿ, ಅಮರೇಶಪ್ಪಾರ ಹೆಸರು ಹೇಳ್ತೀನಿ, ನಾ ಅವರ ದಾಸಿ." ಒಂದಕ್ಷರವೂ ತೊದಲಲಿಲ್ಲ. ಎರಡು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಎಡಗೈಯನ್ನು ಬಾಯಿಗೆ ಅಡ್ಡ ಒತ್ತಿ ಹಿಡಿದುಕೊಂಡಳು.

ಎಸ್‌ಐ ಪೆನ್ನಿನ ಮುಚ್ಚಳ ಹಾಕಿದರು. "ಮಾತು ಬರ್ತಾವಲ್ರಿ ಮತ್ತ. ಗಂಡನ ಹೆಸರು ಎಷ್ಟು ಚಂದ ಹೇಳಿದ್ಲು."

"ಸರ್, ಅದು ಮಾತಲ್ಲ" ಎಂದೆ. "ಮಾತು ಹುಟ್ಟೋ ಜಾಗ ಎಡಗಡಿ ಅದ, ಅಕಿಗಿ ಅದು ಹೋಗ್ಯಾದ. ಬಾಯಿಪಾಠ, ಎಣಿಕಿ, ದೇವರ ನಾಮ, ಬೈಗುಳ, ಇವು ಬಲಗಡಿ ಉಳಿದಿರ್ತಾವ. ಯಾರರ ಎತ್ತಿಕೊಟ್ರ ತಾವೇ ಹೊರಗ ಬರ್ತಾವ. ಅದರಾಗ ಅಕಿ ಮನಸಿಲ್ರಿ. ಅಕಿ ಮನಸು ತಲಿ ಆಡಿಸಿದ್ದರಾಗ ಅದ."

ಅವರು ಕೆಟ್ಟ ಮನುಷ್ಯರಲ್ಲ. ಕಡತ ತೆರೆದು ನನ್ನ ಸಹಿಯಿದ್ದ ಹಳೆಯ ಕಾಗದವನ್ನು ಮೇಜಿನ ಮೇಲಿಟ್ಟರು. "ಮೇಡಂ, ತಲಿ ಆಡಿಸೋದು ನಂಬಬ್ಯಾಡ್ರಿ ಅಂತ ನೀವೇ ಬರ್ದೀರಿ. ಈಗ ತಲಿ ನಂಬ್ರಿ, ಬಾಯಿ ನಂಬಬ್ಯಾಡ್ರಿ ಅಂತೀರಿ. ನಾ ಯಾವುದು ಹಿಡೀಲಿ? ಅವನ ವಕೀಲ ಈ ಎರಡೂ ಕಾಗದ ಹಿಡದು ನಿಂತ ಅಂದ್ರ ನಿಮಗ ಅಲ್ಲಿ ಮಾತು ಬರ್ತಾವೇನು?" ಎಂದರು. ನಾನು ಹೊಸ ರಿಪೋರ್ಟು ಬರೆದು ಅವರ ಮುಂದಿಟ್ಟೆ. ಅವರು ಅದನ್ನೂ ಈಸಿಕೊಂಡು ಕಡತಕ್ಕೆ ಸೇರಿಸಿದರು. ಅದು ಅಲ್ಲೇ ಉಳಿಯಿತು.

ಬಸವರಾಜ ಜಗುಲಿಯ ಮೇಲೆ ಕೂತಿದ್ದ. ತಂಗಿಯನ್ನು ಮನೆಗೆ ಕರೆದುಕೊಂಡು ಹೋಗು ಎಂದೆ. "ಹ್ಯಾಂಗ ಕರ್ಕೊಂಡು ಹೋಗ್ಲಿ ಮೇಡಂ? ಊರ ಹಿರ್ಯಾರು, ಗಂಡನ ಹೆಸರು ಹೇಳಿ ದಾಸಿ ಅಂದಾಳ, ನೀ ಯಾವನಲೇ ಮನಿ ಮುರಿಯಾಂವ ಅಂತಾರ. ಮೊದಲ ಸಲ ನಾ ಬಂದಾಗ ನೀವು ನಂಬಿದ್ರ ಆಗಿತ್ತು" ಎಂದ. ಎದ್ದು ಹೋದ. ಆಮೇಲೆ ನಾನು ಫೋನ್ ಮಾಡಿದರೂ ಎತ್ತಲಿಲ್ಲ.

ನಾನು ಸುಮ್ಮನಿರಲಿಲ್ಲ. ಸರ್ಕಾರದ ಮಾಸಾಶನ ತರುವ ಅಂಗವಿಕಲರ ಪ್ರಮಾಣಪತ್ರ ಬೇಕಾದರೆ ಚಿಕಿತ್ಸೆಗೆ ಬಂದ ದಾಖಲೆ ಬೇಕು ಎಂದು ಅಮರೇಶಪ್ಪನಿಗೆ ಹೆದರಿಕೆ ಹಾಕಿದೆ. ಅವನು ವಾರಕ್ಕೊಮ್ಮೆ ಅವಳನ್ನು ರಾಯಚೂರಿಗೆ ಕರೆತಂದು, ಬೀಡಿ ಸೇದುತ್ತಾ ಹೊರಗೆ ಕೂತಿರುತ್ತಿದ್ದ. ನಿಯಮದ ಪ್ರಕಾರ ಮೊದಲು ನೀರು, ಅನ್ನ, ಬಾ, ಹೋಗು ಕಲಿಸಬೇಕು. ನಾನು ಒಂದೇ ಪದ ಹಿಡಿದುಕೊಂಡೆ. ಒಲ್ಲೆ. ಅವಳ ಎಡಗೈಯನ್ನು ಮೇಜಿನ ಮೇಲೆ ತಟ್ಟಿಸುತ್ತಾ, ಬೇವಿನ ಎಲೆ ಬಾಯಿಯ ಹತ್ತಿರ ಹಿಡಿದು, "ಬೇಕೇನು? ಏನಂತೀ?" ಎಂದು ಕೇಳುತ್ತಿದ್ದೆ. ತುಟಿ ದುಂಡಗೆ ಮಾಡಲು ಒದ್ದಾಡುತ್ತಿದ್ದಳು, ಕತ್ತಿನ ನರ ಉಬ್ಬುತ್ತಿತ್ತು. ಐದನೆಯ ವಾರ, ಎಲೆಯನ್ನು ನನ್ನ ಕೈ ಸಮೇತ ಆಚೆ ತಳ್ಳಿ, "ಒ... ಒಲ್ಲೆ" ಎಂದಳು. ಯಾರೂ ಎತ್ತಿಕೊಟ್ಟದ್ದಲ್ಲ, ತಾನೇ ಹುಡುಕಿ ತೆಗೆದದ್ದು. ಇಬ್ಬರೂ ನಕ್ಕೆವು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ಮುಂದಿನ ವಾರ ಅಮರೇಶಪ್ಪ ಒಬ್ಬನೇ ಬಂದ. ಕೈ ಮುಗಿಯಲಿಲ್ಲ. "ಏನ್ ಕಲಿಸೀರಿ ಮೇಡಂ ಅಕಿಗಿ? ಮನ್ಯಾಗ ಮುಂಜಾಲಿಂದ ಸಂಜಿತನ ಒಂದೇ ಮಾತು. ಸಾಕ್ರಿ ನಿಮ್ಮ ಇಲಾಜು. ಸರ್ಟಿಫಿಕೇಟ್ ಬ್ಯಾಡ" ಎಂದು ಹೋದ. ಅವಳು ಆ ಮಾತನ್ನು ಯಾವಾಗ, ಯಾತಕ್ಕೆ ಆಡಿದಳು, ಆಡಿದಾಗ ಅವಳಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಮಾತು ಕಲಿಸುವುದು ನಮ್ಮ ಕೆಲಸ ಎಂದು ನೀವು ಪುಸ್ತಕದಲ್ಲಿ ಓದುತ್ತೀರಿ. ಆ ಮಾತನ್ನು ಆಡಿದ ಮೇಲೆ ಅವರು ಯಾವ ಮನೆಯಲ್ಲಿ ಇರಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಎರಡು ವಾರ ಕಾದು, ಆ ಊರಿನ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಮಟಮಟ ಮಧ್ಯಾಹ್ನ, ಗಂಡ ಹೊಲಕ್ಕೆ ಹೋಗಿದ್ದ, ಅತ್ತೆ ಎಲ್ಲೋ ಹೊರಗಿದ್ದಳು. ಹುಲಿಗೆಮ್ಮ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಚೆನ್ನಾಗಿದ್ದ ಎಡಗೈಯ ಮುಂಗೈಗೆ ಬಟ್ಟೆ ಸುತ್ತಿತ್ತು. ಅದರ ಕೆಳಗಿನಿಂದ ಸುಟ್ಟ ಚರ್ಮ ಕಾಣುತ್ತಿತ್ತು.

"ಆಸ್ಪತ್ರಿಗಿ ಬರ್ತೀಯೇನವ್ವ?" ಎಂದೆ.

"ಒಲ್ಲೆ."

"ನಿಮ್ಮಣ್ಣಗ ಹೇಳಿ ಕಳಸ್ಲೇನು?"

"ಒಲ್ಲೆ."

"ಮತ್ತ ಪೊಲೀಸರ ಹತ್ರ ಹೋಗೂಣೇನು? ನಾ ಬರ್ತೀನಿ ನಿನ್ನ ಕೂಡ."

"ಒಲ್ಲೆ."

ಒಂದೇ ಪದ ನಾಲಿಗೆಗೆ ಅಂಟಿಕೊಂಡು, ಏನು ಕೇಳಿದರೂ ಅದೇ ಬರುವ ರೋಗಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವಳದೂ ಹಾಗೆಯೇ ಇರಲಿ ಎಂದು ಮನಸ್ಸು ಬೇಡಿಕೊಂಡಿತು. ಪರೀಕ್ಷೆ ಮಾಡಬೇಕಲ್ಲ. "ಬಿಸಲಾಗ ಬಂದೀನವ್ವ. ಕುಡ್ಯಾಕ ನೀರು ಕೊಡ್ತೀಯೇನು?" ಎಂದೆ. ಅವಳು ಒಲ್ಲೆ ಎನ್ನದೆ ಎದ್ದಳು. ಬಲಗಾಲು ಎಳೆಯುತ್ತಾ ಒಳಗೆ ಹೋಗಿ, ಸುಟ್ಟ ಕೈಯಲ್ಲೇ ಚರಿಗೆ ಹಿಡಿದು, ಒಂದು ಹನಿ ಚೆಲ್ಲದೆ ತಂದು ಕೊಟ್ಟಳು.

ನೀರು ಕುಡಿದೆ. ಚರಿಗೆಯನ್ನು ನಾನೇ ಕೆಳಗಿಟ್ಟೆ. ಆಶಾ ಕಾರ್ಯಕರ್ತೆ ಆಚೆ ಮುಖ ಮಾಡಿ ನಿಂತಿದ್ದಳು. ಕೇಳಬಾರದಿತ್ತು, ಆದರೂ ಕೇಳಿದೆ.

"ಇದೆಲ್ಲ ನನ್ನಿಂದ ಆಯಿತು ಅಂತ ಅನಸ್ತದೇನು ಹುಲಿಗೆಮ್ಮ?"

ಅವಳು ನನ್ನ ಮುಖ ನೋಡಿ, ನಿಧಾನವಾಗಿ, ಹೌದು ಎಂದು ತಲೆಯಾಡಿಸಿದಳು.